ಕರೆಂಟ್ ಪ್ರಶ್ನೋತ್ತರ: ಹೊಸ ಲೈನ್ ಎಳೆಯುವ ಮೊದಲು

ಪ್ರಶ್ನೆ: ನಮ್ಮ ರೈತರ ಗುಂಪು 2 ಮೆಗಾವಾಟ್ ಸೋಲಾರ್ ಘಟಕ ಹಾಕಬೇಕೆಂದಿದೆ. ಸಬ್‌ಸ್ಟೇಷನ್ 10 ಕಿ.ಮೀ. ದೂರ, ಆದರೆ ಹೊಲದ ಬದಿಗೇ 11 ಕೆವಿ ಲೈನ್ ಇದೆ. ಅದಕ್ಕೇ ಜೋಡಿಸಿದರೆ ಖರ್ಚು ಉಳಿಯುವುದಿಲ್ಲವೇ?
– ಓದುಗರು, ಇಂಡಿ

ಉತ್ತರ: ಕಂಬದ ಖರ್ಚು ಉಳಿಯುತ್ತದೆ, ಕರೆಂಟ್ ಸೋರುತ್ತದೆ. 2 ಮೆಗಾವಾಟ್ ಎಂದರೆ 11 ಕೆವಿಯಲ್ಲಿ ಸುಮಾರು 105 ಆಂಪಿಯರ್. ‘ರ‍್ಯಾಬಿಟ್’ ಎಂಬ ಅಲ್ಯೂಮಿನಿಯಂ ತಂತಿಯಾದರೆ ಕಿ.ಮೀ.ಗೆ ಅರ್ಧ ಓಮ್‌ಗಿಂತ ತುಸು ಹೆಚ್ಚು ರೋಧ. ದಾರಿಯಲ್ಲಿ ಲೋಡ್ ಇಲ್ಲದಾಗ ಸುಮಾರು 180 ಕಿಲೋವಾಟ್, ಅಂದರೆ ನೂರಕ್ಕೆ ಒಂಬತ್ತು ಪಾಲು, ತಂತಿ ಕಾಯಿಸುವುದಕ್ಕೇ ಹೋಯಿತು.

ವೋಲ್ಟೇಜಿನ ಕಾಟ ಇನ್ನೂ ಹೆಚ್ಚು. ನಿಮ್ಮ ತುದಿಯಲ್ಲಿ ಅದೂ ಸುಮಾರು ಶೇ. 9 ಏರುತ್ತದೆ, ನಿಯಮ ಒಪ್ಪುವುದು ಶೇ. 6 ಮಾತ್ರ. ಮಿತಿ ದಾಟಿದರೆ ಇನ್ವರ್ಟರ್ ಟ್ರಿಪ್ ಆಗುತ್ತದೆ, ಅದೂ ಬಿಸಿಲು ಚೆನ್ನಾಗಿರುವ ನಡುಮಧ್ಯಾಹ್ನವೇ.

33 ಕೆವಿಯಲ್ಲಿ ಇದೇ ನಷ್ಟ 20 ಕಿಲೋವಾಟ್‌ಗೆ ಇಳಿಯುತ್ತದೆ, ನಿಜ. ಆದರೆ ಬೇರೆ ಟ್ರಾನ್ಸ್‌ಫಾರ್ಮರ್, ಬ್ರೇಕರ್, ಮೀಟರಿಂಗ್ ಸೆಟ್ ಎಲ್ಲ 33 ಕೆವಿಯದೇ ಬೇಕು. 2 ಮೆಗಾವಾಟ್‌ಗೆ ಅದು ಭಾರ. ಲೈನ್ ಉದ್ದ ಮಾಡುವ ಬದಲು ಜಾಗ ಬದಲಿಸಿ. ಸಬ್‌ಸ್ಟೇಷನ್‌ನಿಂದ 2 ಕಿ.ಮೀ. ಒಳಗೆ 8ರಿಂದ 10 ಎಕರೆ ಲಾವಣಿಗೆ ಸಿಕ್ಕರೆ ನಷ್ಟ 36 ಕಿಲೋವಾಟ್, ವೋಲ್ಟೇಜ್ ಏರಿಕೆ ಶೇ. 2ರ ಆಸುಪಾಸು.

ಹೆಸ್ಕಾಂ ಕಚೇರಿಗೆ ಹೋದಾಗ ಫೀಡರಿನ (ಆ 11 ಕೆವಿ ಲೈನಿನ) ಗರಿಷ್ಠ ಲೋಡ್ ಕೇಳಿ ಸುಮ್ಮನಾಗಬೇಡಿ. ಲಾಗ್‌ಶೀಟಿನಲ್ಲಿ ಮಧ್ಯಾಹ್ನ 12ರಿಂದ 2ರ ಕನಿಷ್ಠ ಲೋಡ್ ನೋಡಿ, ಮುಖ್ಯವಾಗಿ ಮಳೆ ಬಿದ್ದ ಮರುದಿನದ್ದು: ಬಿಸಿಲು ಬಿದ್ದಿರುತ್ತದೆ, ಪಂಪ್‌ಸೆಟ್ ಒಂದೂ ಓಡುತ್ತಿರುವುದಿಲ್ಲ; ನಷ್ಟ, ವೋಲ್ಟೇಜ್ ಏರಿಕೆ ಎರಡೂ ಹೆಚ್ಚುವುದು ಆಗಲೇ. ಸಬ್‌ಸ್ಟೇಷನ್‌ನ ಅದೇ ಟ್ರಾನ್ಸ್‌ಫಾರ್ಮರಿಗೆ ಸೋಲಾರ್ ಜೋಡಿಸಲು ಬೇರೆ ಯಾರಿಗೆ ಮಂಜೂರಾತಿ ಸಿಕ್ಕಿದೆ ಎಂಬುದನ್ನೂ ಬರೆದುಕೊಳ್ಳಿ.

ಪ್ರಶ್ನೆ: ಕೂಡಗಿ ಉಷ್ಣ ವಿದ್ಯುತ್ ಸ್ಥಾವರದ ದೊಡ್ಡ ಲೈನ್ ನಮ್ಮೂರ ಮೇಲೇ ಹೋಗಿದೆ. ಸೋಲಾರ್ ಕರೆಂಟ್ ಅದಕ್ಕೇ ಕೊಡಬಾರದೇ?
– ಓದುಗರು, ಬಸವನ ಬಾಗೇವಾಡಿ

ಉತ್ತರ: ಆಗದು. 2,400 ಮೆಗಾವಾಟ್ ಸ್ಥಾವರದ 400 ಕೆವಿ ಲೈನಿಗೆ ನಡುವೆ ಕೊಂಡಿ ಹಾಕಬೇಕೆಂದರೆ ಲೈನುಗಳನ್ನು ಕೂಡಿಸಿ ಬಿಡಿಸುವ ಪೂರ್ತಿ ಸ್ವಿಚ್‌ಯಾರ್ಡೇ ಕಟ್ಟಬೇಕು. ನೂರಾರು ಮೆಗಾವಾಟ್ ಇಲ್ಲದೆ ಆ ಮಾತೇ ಬೇಡ.

ಪ್ರಶ್ನೆ: ಗಾಳಿಯಂತ್ರಗಳಿಗೆ 50 ಮೆಗಾವಾಟ್‌ನ 110 ಕೆವಿ ಲೈನ್ ಇದೆ. ಅಲ್ಲೇ 30 ಮೆಗಾವಾಟ್ ಸೋಲಾರ್ ಸೇರಿಸಲು 80 ಮೆಗಾವಾಟ್‌ನ ಲೈನ್ ಬೇಕಲ್ಲವೇ?
– ಓದುಗರು, ಸವದತ್ತಿ

ಉತ್ತರ: ಬಹುತೇಕ ಬೇಕಾಗುವುದಿಲ್ಲ. ನಿಮ್ಮ ಗುಡ್ಡದಲ್ಲಿ ಗಾಳಿ ಜೋರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ; ಆಗ ಮೋಡವೂ ಇರುತ್ತದೆ. ಬಿಸಿಲಿನ ತಿಂಗಳಲ್ಲಿ ಗಾಳಿ ಕಡಿಮೆ. ಎರಡೂ ಒಟ್ಟಿಗೆ ಗರಿಷ್ಠ ಮುಟ್ಟುವ ಗಂಟೆಗಳು ಕೆಲವೇ. ವರ್ಷದ 8,760 ಗಂಟೆಗಳ ಎರಡೂ ಉತ್ಪಾದನೆ ಕೂಡಿಸಿ, 50 ಮೆಗಾವಾಟ್ ದಾಟುವ ಗಂಟೆಗಳನ್ನು ಎಣಿಸಿ. 200 ಗಂಟೆ, ಸರಾಸರಿ 8 ಮೆಗಾವಾಟ್ ಹೆಚ್ಚಾಯಿತು ಎನ್ನಿ: 16 ಲಕ್ಷ ಯೂನಿಟ್, ಯೂನಿಟ್‌ಗೆ 3 ರೂಪಾಯಿಯಂತೆ 48 ಲಕ್ಷ. ಹೊಸ ಲೈನಿನ ವರ್ಷದ ಬಡ್ಡಿ, ಸವಕಳಿ, ನಿರ್ವಹಣೆ ಇದಕ್ಕಿಂತ ಹೆಚ್ಚಾದರೆ ಆ ಯೂನಿಟ್‌ಗಳನ್ನು ಬಿಟ್ಟುಕೊಡುವುದೇ ಲಾಭ. ಯೋಜನೆ ಹಾಕುವವರು ಈ ಬಿಡುವ ಲೆಕ್ಕಕ್ಕೆ ಮನಸ್ಸು ಮಾಡುವುದಿಲ್ಲ; ಒಂದು ಯೂನಿಟ್ಟೂ ಹಾಳಾಗಬಾರದೆಂಬ ಹಟಕ್ಕೆ ಗ್ರಾಹಕರ ಬಿಲ್ ಏರುತ್ತದೆ.

ಬಿಡುವುದೇ ದುಬಾರಿ ಎಂದು ಕಂಡರೆ ಅದೇ ಟವರಿಗೆ ಹೆಚ್ಚು ಬಿಸಿ ತಡೆದೂ ಜೋತು ಬೀಳದ ಎಚ್‌ಟಿಎಲ್‌ಎಸ್ ತಂತಿ ಎಳೆಯಿಸಿ. ಹೆಚ್ಚು-ಕಡಿಮೆ ಎರಡರಷ್ಟು ಕರೆಂಟ್ ಹೊರುತ್ತದೆ, ಕಬ್ಬಿನ ಗದ್ದೆಯಲ್ಲಿ ಹೊಸದಾಗಿ 22 ಮೀಟರ್ ಪಟ್ಟಿಗೆ ಪರಿಹಾರ ಕೊಡುವ ಗೋಜಿಲ್ಲ. ನಷ್ಟ ಮಾತ್ರ ಏರುತ್ತದೆ. ಲೈನಿನ ಎರಡೂ ತುದಿಯ ಸಿಟಿ (ಕರೆಂಟ್ ಅಳೆಯುವ ಟ್ರಾನ್ಸ್‌ಫಾರ್ಮರ್), ಐಸೊಲೇಟರ್ (ಲೈನ್ ಬೇರ್ಪಡಿಸುವ ಸ್ವಿಚ್), ಜಂಪರ್ ಕ್ಲ್ಯಾಂಪ್‌ಗಳ ಸಾಮರ್ಥ್ಯವನ್ನೂ ನೋಡಿಸಿ. ಹಳೆಯ ಕ್ಲ್ಯಾಂಪ್ ಹಾಗೇ ಉಳಿದರೆ ಮೊದಲು ಕಾಯ್ದು ಸುಡುವುದು ಅದೇ.