ಫೋನ್, ಇಂಟರ್ನೆಟ್ ಇಲ್ಲದೆ ರಜೆ ಕಳೆದಿದ್ದೀರಾ? ಅದರಿಂದ ನಿಜಕ್ಕೂ ನೆಮ್ಮದಿ ಸಿಗುತ್ತಾ?

ಸಿಗುತ್ತದೆ. ಆದರೆ ನಾನೊಬ್ಬಳೇ ಫೋನ್ ಆಫ್ ಮಾಡಿದಾಗ ಅಲ್ಲ. ಸುತ್ತಲಿನವರೆಲ್ಲ ಒಟ್ಟಿಗೆ ನಿಲ್ಲಿಸಿದಾಗ ಸಿಕ್ಕಿತು.

2023ರ ಯುಗಾದಿ ದಿನ ನಾನು, ನನ್ನ ತಂಗಿ ಇಂಡೋನೇಷ್ಯಾದ ಬಾಲಿಯಲ್ಲಿದ್ದೆವು. ಅಲ್ಲಿನ ಹಿಂದೂಗಳಿಗೂ ಅವತ್ತೇ ಹೊಸ ವರ್ಷ. ನಮ್ಮ ಪಂಚಾಂಗದಲ್ಲಿ ಆ ವರ್ಷ ಶಾಲಿವಾಹನ ಶಕ 1945 ಅಂತ ಇತ್ತಲ್ವಾ, ಅವರ ಲೆಕ್ಕದಲ್ಲೂ ಶಕ 1945. ನಾವು ಒಬ್ಬಟ್ಟು ಮಾಡಿ, ನೆಂಟರನ್ನು ಕರೆದು ಹಬ್ಬ ಮಾಡುತ್ತೇವೆ. ಅವರು ಇಡೀ ದ್ವೀಪವನ್ನೇ ನಿಲ್ಲಿಸುತ್ತಾರೆ. ಆ ದಿನಕ್ಕೆ ನ್ಯೆಪಿ ಎಂದು ಹೆಸರು.

ಬೆಳಿಗ್ಗೆ 6ರಿಂದ ಮರುದಿನ ಬೆಳಿಗ್ಗೆ 6ರವರೆಗೆ ನಾಲ್ಕು ಕಟ್ಟುಪಾಡುಗಳು. ಬೆಂಕಿ, ದೀಪ ಹಚ್ಚಬಾರದು. ಕೆಲಸ ಮಾಡಬಾರದು. ಹೊರಗೆ ಹೋಗಬಾರದು. ಮೋಜು ಮಾಡಬಾರದು. ಅಂಗಡಿ, ರಸ್ತೆ, ಬಂದರು ಎಲ್ಲ ಬಂದ್. ಅಷ್ಟು ಜನ ಪ್ರವಾಸಿಗರು ಬಂದಿಳಿಯುವ ವಿಮಾನ ನಿಲ್ದಾಣವೂ ಮುಚ್ಚುತ್ತದೆ. ಆಸ್ಪತ್ರೆ, ತುರ್ತು ಸೇವೆಗೆ ಮಾತ್ರ ವಿನಾಯಿತಿ. ಕಪ್ಪು-ಬಿಳಿ ಚೌಕುಳಿ ಬಟ್ಟೆ ಸುತ್ತಿಕೊಂಡ ಪೆಚಲಾಂಗ್‌ಗಳು, ಅಂದರೆ ಊರಿನವರೇ ಆದ ಕಾವಲುಗಾರರು, ಬೀದಿಯಲ್ಲಿ ನಡೆಯುತ್ತಾ ಎಲ್ಲಾದರೂ ಬೆಳಕು ಕಂಡರೆ ಎಚ್ಚರಿಸುತ್ತಾರೆ. ಪ್ರವಾಸಿಗರೂ ಉಳಿದುಕೊಂಡ ಜಾಗ ಬಿಟ್ಟು ಹೊರಬರುವಂತಿಲ್ಲ. ಸಮುದ್ರ ತೀರಕ್ಕೂ ಹೋಗುವಂತಿಲ್ಲ.

2018ರಿಂದ ಇದಕ್ಕೆ ಇನ್ನೊಂದು ಸೇರಿದೆ: ಆ ದಿನ ಮೊಬೈಲ್ ಇಂಟರ್ನೆಟ್ ಕೂಡ ನಿಲ್ಲಿಸುತ್ತಾರೆ. ಧಾರ್ಮಿಕ ಮುಖಂಡರೇ ಇದನ್ನು ಕೇಳಿದ್ದು. ಮನೆಯೊಳಗೆ ಕೂತೂ ಕೈಯಲ್ಲಿ ಫೋನ್ ಇದ್ದರೆ ಮೋಜು ನಿಂತ ಹಾಗಾಯಿತೇ? ನನಗೆ ಆ ವಾದ ಸರಿ ಅನ್ನಿಸುತ್ತದೆ. ದೊಡ್ಡ ಹೋಟೆಲ್‌ಗಳಲ್ಲಿ ವೈಫೈ ಸಿಗುವುದುಂಟು. ನಾವಿದ್ದ ಹೋಂಸ್ಟೇಯಲ್ಲಿ ಇರಲಿಲ್ಲ. ಅಮ್ಮನಿಗೆ ಮೊದಲೇ ಹೇಳಿದ್ದರಿಂದ ಆ ಚಿಂತೆಯೂ ಇರಲಿಲ್ಲ.

ಮಧ್ಯಾಹ್ನದವರೆಗೂ ಕೈ ಸುಮ್ಸುಮ್ನೆ ಫೋನಿನ ಕಡೆ ಹೋಗುತ್ತಿತ್ತು. ಆಮೇಲೆ ನಿಧಾನಕ್ಕೆ ಒಂದು ವಿಷಯ ಹೊಳೆಯಿತು. ಇಲ್ಲಿ ಯಾರೂ ಯಾರ ಉತ್ತರಕ್ಕೂ ಕಾಯುತ್ತಿಲ್ಲ. ಮನೆಯ ಯಜಮಾನರಿಗೆ ಬುಕಿಂಗ್ ಕರೆ ಇಲ್ಲ, ಅವರ ಸೊಸೆಗೆ ಆರ್ಡರ್ ಇಲ್ಲ, ಟ್ಯಾಕ್ಸಿ ಓಡಿಸುವ ಮಗನಿಗೆ ಆಪ್‌ನಲ್ಲಿ ಗಿರಾಕಿ ಇಲ್ಲ. ಅವರೆಲ್ಲ ಜಗಲಿಯಲ್ಲಿ ತಗ್ಗಿದ ದನಿಯಲ್ಲಿ ಹರಟುತ್ತಿದ್ದರು. ನಾವೂ ಹೋಗಿ ಕೂತೆವು. ಭಾಷೆ ಅರ್ಧ ತಿಳಿಯಲಿಲ್ಲ, ಆದರೂ ಸಂಜೆಯವರೆಗೆ ಎದ್ದು ಬರಲಿಲ್ಲ.

ನನ್ನ ಆತಂಕ ಇರುವುದು ಇಲ್ಲೇ. ಫೋನ್ ಬಗ್ಗೆ ಅಷ್ಟಾಗಿ ಅಲ್ಲ. ಅದರಿಂದ ಅಮ್ಮನ ಮುಖ ದಿನಾ ನೋಡುತ್ತೇನೆ, ಹತ್ತು ರೂಪಾಯಿ ಕೊತ್ತಂಬರಿಗೂ ಅದರಲ್ಲೇ ದುಡ್ಡು ಕೊಡುತ್ತೇನೆ. ನನಗೆ ಭಯ ಹುಟ್ಟಿಸುವುದು, ಸದಾ ಸಿಗಬೇಕು ಅನ್ನುವ ನಿಯಮ. ರಾತ್ರಿ ಹತ್ತಕ್ಕೆ ಆಫೀಸಿನ ಗ್ರೂಪ್‌ನಲ್ಲಿ ಮೆಸೇಜ್ ಬರುತ್ತದೆ. ನೀಲಿ ಗೆರೆ ಬಿದ್ದ ಮೇಲೆ ಉತ್ತರಿಸದಿದ್ದರೆ ಅಸಡ್ಡೆ ಅನ್ನುತ್ತಾರೆ. ಹಬ್ಬದ ಶುಭಾಶಯಕ್ಕೆ ಏನು ಬರೆಯಬೇಕು ಅಂತ ಈಗ ಫೋನೇ ಸೂಚಿಸುತ್ತದೆ. ಅದನ್ನು ಒತ್ತಿ ಕಳಿಸಿದರೆ ಯಾರು ಯಾರಿಗೆ ಹಾರೈಸಿದ ಹಾಗಾಯಿತು? ನನಗೆ ಇದು ನಿಜವಾಗಿ ಬೇಸರದ ವಿಷಯ.

ಈಗ ನಮ್ಮ ಮಲೆನಾಡಿನಲ್ಲೂ 'ನೆಟ್‌ವರ್ಕ್ ಸಿಗದ ಹೋಂಸ್ಟೇ' ಅಂತಲೇ ಹೇಳಿ ಕರೆಯುತ್ತಾರೆ. ಒಳ್ಳೆಯದೇ, ಹೋಗಿ ಬನ್ನಿ. ಆದರೆ ಅಲ್ಲಿ ವಿರಾಮ ಸಿಗುವುದು ದುಡ್ಡು ಕೊಟ್ಟವರಿಗೆ ಮಾತ್ರ. ಅಡುಗೆಯವರು, ಜೀಪಿನ ಡ್ರೈವರ್ ಗುಡ್ಡ ಹತ್ತಿ ಸಿಗ್ನಲ್ ಹುಡುಕಲೇಬೇಕು. ವಾಪಸ್ ಬಂದ ಮೇಲೆ ನಮಗೂ ಅಷ್ಟೂ ಮೆಸೇಜ್ ಕಾದಿರುತ್ತವೆ. ಫ್ರಾನ್ಸ್‌ನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರಿಂದ, ಕೆಲಸದ ಹೊತ್ತು ಮುಗಿದ ಮೇಲೆ ಆಫೀಸಿನ ಸಂಪರ್ಕದಿಂದ ದೂರ ಇರುವುದಕ್ಕೆ ಕಾನೂನಿನ ಬೆಂಬಲ ಇದೆ. ನಮಗೂ ಅಂಥದ್ದು ಬೇಕು. ಒಬ್ಬೊಬ್ಬರ ಮನೋಬಲದ ಮೇಲೆ ಇದನ್ನು ಬಿಟ್ಟರೆ ಆಗುವುದಿಲ್ಲ.

ನೀವು ನ್ಯೆಪಿಗೆ ಹೋಗುವುದಾದರೆ ದಿನಾಂಕ ಮೊದಲೇ ನೋಡಿಕೊಳ್ಳಿ. ಅದು ಪ್ರತಿ ವರ್ಷ ಯುಗಾದಿಯ ದಿನವೇ ಬರುವುದಿಲ್ಲ. 2024ರಲ್ಲಿ ಮಾರ್ಚ್ 11ಕ್ಕೇ ಬಂದಿತ್ತು, ನಮ್ಮ ಯುಗಾದಿ ಏಪ್ರಿಲ್ 9ಕ್ಕೆ. ತಿಂಡಿ, ಔಷಧಿ ಹಿಂದಿನ ದಿನವೇ ತಂದಿಟ್ಟುಕೊಳ್ಳಿ. ಆ ಸಂಜೆ ಬೀದಿಗೆ ಖಂಡಿತ ಇಳಿಯಿರಿ. ಓಗೊ-ಓಗೊ ಅನ್ನುವ ಭಾರೀ ರಾಕ್ಷಸ ಬೊಂಬೆಗಳನ್ನು ಹುಡುಗರು ಹೆಗಲ ಮೇಲೆ ಹೊತ್ತು, ವಾದ್ಯದ ಅಬ್ಬರದಲ್ಲಿ ಮೆರವಣಿಗೆ ಹೊರಡುತ್ತಾರೆ. ಫೋಟೊ ಎಷ್ಟು ಬೇಕಾದರೂ ತೆಗೆದುಕೊಳ್ಳಿ, ಕಳಿಸುವುದಿದ್ದರೆ ಬೆಳಿಗ್ಗೆ ಆರರೊಳಗೆ ಕಳಿಸಿಬಿಡಿ.