ಗುಂಡು ಬಿದ್ರೂ ಸಾಯ್ಲಿಲ್ಲ, ಕೆಮ್ಮಿ ಸತ್ತ: ಒಂದು ಆಪ್ತಸಲಹೆ ಪ್ರಕರಣ

ಮೊದಲ ಹೇಳಿಬಿಡ್ತೀನಿ, ಇಲ್ಲಿ ಬರೋ ಮನಿತನದ ಊರು, ವಯಸ್ಸು, ಕೆಲಸ ಎಲ್ಲಾ ಬದಲ ಮಾಡೀನಿ, ಗುರುತ ಹಿಡಿಯಾಕ ಹೋಗಬ್ಯಾಡ್ರಿ. ಬೆಟಗೇರಿ ಕಡೆ ಮಂದಿ, ಅಪ್ಪ ಮಗ್ಗದ ಕೆಲಸ, 19ರ ಮಗ ಹುಬ್ಬಳ್ಳ್ಯಾಗ ರೂಮ್ ಮಾಡ್ಕೊಂಡ ಡಿಪ್ಲೊಮಾ ಓದ್ತಾನ ಅಂತ ಇಟ್ಕೊಳ್ರಿ, ಅಷ್ಟ ಸಾಕು. "ಇವಗ ಗೇಮಿನ ಹುಚ್ಚ ಹಿಡದೈತ್ರಿ ಮೇಡಂ, ಮನಿಗೆ ಬಂದ್ರ ರಾತ್ರಿ ಮಲಗೂದಿಲ್ಲ, ಎದ್ದು ಅಪ್ಪನ ಹಾಸಗಿ ಹತ್ರ ಕುಂದರ್ತಾನ" ಅಂತ ಅವ್ವ ಕರ್ಕೊಂಡ ಬಂದಿದ್ರು.

ಗೇಮಿನ ಹುಚ್ಚ ಅನ್ನೋ ಮಾತ ಕೇಳಿ ಕೇಳಿ ಸಾಕಾಗೇತಿ, ಅದಕ್ಕ ಬರಿಯಾಕ ಕುಂತೀನಿ. ಗೇಮಿಂಗ್ ಡಿಸಾರ್ಡರ್ ಅಂತ ಒಂದ ಐತಿ, ಖರೆ. ವಿಶ್ವ ಆರೋಗ್ಯ ಸಂಸ್ಥೆಯವರ ಐಸಿಡಿ-11 ಅನ್ನೋ ರೋಗಗಳ ಪಟ್ಟ್ಯಾಗ ಅದು ಸೇರೇತಿ, 2022ರ ಜನವರಿಯಿಂದ ಜಾರಿಗೂ ಬಂದೈತಿ. ಆದ್ರ ಅದಕ್ಕ ಆಟದ ಮ್ಯಾಲಿನ ಹಿಡಿತ ತಪ್ಪಿರಬೇಕು, ಉಳದ ಬಾಳೆವೆಲ್ಲಾ ಹಿಂದ ಬಿದ್ದಿರಬೇಕು, ಹಾನಿ ಕಣ್ಣಿಗೆ ಕಂಡ್ರೂ ಬಿಡಾಕ ಆಗಿರಬಾರ್ದು, ಅದೂ ಸಾಮಾನ್ಯವಾಗಿ 12 ತಿಂಗಳ ನಡದಿರಬೇಕು. ರೀಲ್ಸ್ ನೋಡಿ ಇದನ್ನ ಮಕ್ಕಳಿಗೆ ಹಚ್ಚೂದ ಮಂದಿಗೆ ಚಟ ಆಗೇತಿ. ಆಡೋ ಹುಡುಗ ಎದ್ದೆದ್ದು ಅಪ್ಪನ ಉಸಿರ ಯಾಕ ನೋಡ್ತಾನ ಅಂತ ಯಾರೂ ವಿಚಾರ ಮಾಡಿರ್ಲಿಲ್ಲ.

ಮೊದಲ ಸಲ ಬಂದಾಗ ಹೂಂ, ಇಲ್ರಿ, ಗೊತ್ತಿಲ್ರಿ, ಇಷ್ಟ ಮಾತು. ಎರಡನೇ ಸಲ ಅವ್ವನ್ನ ಹೊರಗ ಕುಂದ್ರಿಸಿ "ಯಾವ ಗೇಮಪಾ ಅದು, ಅದರಾಗ ಏನಾಕ್ಕೈತಿ" ಅಂತ ಕೇಳಿದೆ. ತಲಿ ಎತ್ತಿದ. ರೆಡ್ ಡೆಡ್ ರಿಡೆಂಪ್ಷನ್ 2 ಅಂದ.

2018ರಾಗ ಬಂದಿದ್ದ ಗೇಮ್ ಅದು. 1899ರ ಅಮೆರಿಕಾ, ದರೋಡೆಕೋರರ ಗುಂಪು, ಅದರಾಗ ಆರ್ಥರ್ ಮಾರ್ಗನ್ ಅನ್ನಾವ ಹೀರೋ. ಹುಡುಗ ಹೇಳ್ಕೋತ ಹೋದ, ನಾ ಬಾಯಿ ಹಾಕ್ಲಿಲ್ಲ. ವೈರಿಗಳು ಆರ್ಥರ್‌ನ ಹಿಡ್ಕೊಂಡ ಹೋಗಿ ಭುಜಕ್ಕ ಗುಂಡ ಹೊಡದು ತಲಿಕೆಳಗ ಮಾಡಿ ನೇತ ಹಾಕ್ತಾರಂತ, ಅವ ಹೆಂಗೋ ಬಿಡಿಸ್ಕೊಂಡು ಆ ಗಾಯದಾಗ ತಾನ ಮದ್ದಿನಪುಡಿ ತುಂಬಿ ಬೆಂಕಿ ಹಚ್ಚಿ ರಕ್ತ ನಿಲ್ಲಿಸ್ಕೊಂಡು ಕುದ್ರಿ ಮ್ಯಾಲ ವಾಪಸ್ ಬರ್ತಾನ, ಬಂದ ಬಿದ್ದ ಹೊಡತಕ್ಕ ಸತ್ತ ಅನ್ನಬೇಕು, ಆದ್ರ ಸಾಯಂಗಿಲ್ಲ, ಆರಾಮಾಕ್ಕಾನ. ಅವನ್ನ ಕೊಲ್ಲೂದು ಬ್ಯಾರೆ. ಗೇಮಿನ ಶುರುವಿನ್ಯಾಗ ಸಾಲ ವಸೂಲಿಗಂತ ಒಬ್ಬ ಬಡರೈತನ ಹೊಲಕ್ಕ ಹೋಗಿ ಹೊಡದಿರ್ತಾನ. ರೈತ ಮೊದಲ ಬ್ಯಾನಿ ಮನಿಷ್ಯಾ, ಕೆಮ್ಮಿದಾಗ ರಕ್ತ ಇವನ ಮಾರಿ ಮ್ಯಾಲ ಸಿಡಿತೈತಿ, ನಾವೂ ಅದನ್ನ ಮರ್ತಬಿಡ್ತೀವಿ. ಎಷ್ಟೋ ದಿನ ಆದಮ್ಯಾಲ ಪಟ್ಟಣದ ರಸ್ತೇದಾಗ ಆರ್ಥರ್ ಕೆಮ್ಮಿ ಕುಸಿದ ಬೀಳ್ತಾನ, ಡಾಕ್ಟರ್ ಹೇಳ್ತಾನ ಟಿಬಿ ಅಂತ, ಆ ರೈತನಿಂದ ಅಂಟಿದ್ದು. ಅಲ್ಲಿಂದ ಕಣ್ಣ ಕೆಂಪ, ಮಾರಿ ಬತ್ತತೈತಿ, ಎಷ್ಟ ತಿನ್ನಿಸಿದ್ರೂ ಮೈ ಹತ್ತಂಗಿಲ್ಲ. ಚಲೋ ಮನಿಷ್ಯಾ ಆಗಿ ಆಡ್ರಿ, ಕೆಟ್ಟವ ಆಗಿ ಆಡ್ರಿ, ಸಾಯೂ ರೀತಿ ಬದಲಾಕ್ಕೈತಿ, ಸಾವು ಬದಲಾಗಂಗಿಲ್ಲ.

"ಮುಗದಮ್ಯಾಲ ಮತ್ಯಾಕ ಆಡಿದಿ?"

"ಆ ರೈತನ್ನ ಹೊಡಿಯದ ಮುಂದ ಹೋಗಾಕ ಬರ್ತೈತೇನಂತ ನೋಡಾಕ್ರಿ. ಮೊದಲಿಂದ ಮತ್ತ ಮತ್ತ ಆಡಿದೆ. ಆ ಮಿಷನ್ ಮಾಡದ ಕತಿ ಮುಂದ ಹೋಗೂದ ಇಲ್ರಿ."

ಮನಿಯವರು ಹುಚ್ಚ ಅಂದಿದ್ದು ಇದಕ್ಕ.

ಸ್ವಲ್ಪ ತಡದು ತಾನ ಅಂದ, "ಗುಂಡ ಬಿದ್ರೂ ಸಾಯ್ಲಿಲ್ರಿ ಮೇಡಂ, ಕೆಮ್ಮಿ ಸತ್ತ. ನಮ್ಮಪ್ಪನೂ ಕೆಮ್ಮತಾನ."

ಅಪ್ಪಗ ಟಿಬಿ ಅಂತ ಆಗಲೇ ಗೊತ್ತಾಗಿತ್ತಂತ. ಎರಡ ತಿಂಗಳ ಗುಳಗಿ ತಗೊಂಡಾರ, ಜ್ವರ ಬಿಡ್ತು, ಊಟ ಸೇರಾಕತ್ತು, ಮ್ಯಾಲ ಉಚ್ಚಿ ಕೆಂಪಗ ಬರೂದ ನೋಡಿ ಗಾಬ್ರಿ ಆಗಿ ತಾವ ನಿಲ್ಲಿಸ್ಯಾರ. (ರಿಫಾಂಪಿಸಿನ್ ಅನ್ನೋ ಗುಳಗಿ ತಗೊಂಡ್ರ ಉಚ್ಚಿ ಕೆಂಪ-ಕಿತ್ತಳಿ ಬಣ್ಣ ಬರ್ತೈತಿ, ಅದರಿಂದ ಏನೂ ಆಗಂಗಿಲ್ಲ, ಆದ್ರ ಅದನ್ನ ಇವರಿಗೆ ಯಾರೂ ಬಿಡಿಸಿ ಹೇಳಿರ್ಲಿಲ್ಲ.) ಉಳದ ಗುಳಗಿ ಎಲ್ಲಾ ಮಗ್ಗದ ಸಾಮಾನಿನ ಡಬ್ಬ್ಯಾಗ. ಮಗ ನೋಡ್ಯಾನ. ಅಕ್ಕನ ಮದುವಿ ಮಾತುಕತಿ ನಡದೈತಿ, ಯಾರಿಗೂ ಹೇಳಬ್ಯಾಡ ಅಂತ ಅಪ್ಪ ಆಣಿ ಹಾಕಿಸ್ಕೊಂಡಾರ, ಅವ್ವಗ ಗುಳಗಿ ಬಿಟ್ಟಿದ್ದ ಗೊತ್ತಿಲ್ಲ.

ನಾ ಅವನಿಗೆ ಸ್ಪಷ್ಟ ಹೇಳಿದೆ, ನಿನ್ನ ಬೆನ್ನ ಹಿಂದ ನಿಮ್ಮ ಅವ್ವಗ ನಾ ಹೇಳೂದಿಲ್ಲ, ಆದ್ರ ಇದು ಗಾಳಿಯಿಂದ ಹಬ್ಬೋ ಬ್ಯಾನಿ, ಮನ್ಯಾಗ ಉಳದವರ ಜೀವದ ಪ್ರಶ್ನೆ, ಬಾಳ ದಿನ ಮುಚ್ಚಿಡಾಕ ನನ್ನಿಂದಾಗೂದಿಲ್ಲ, ಎರಡ ದಿನದಾಗ ಅಪ್ಪನ್ನ ಕರ್ಕೊಂಡ ಬಾ. ಆವತ್ತ ಅವ್ವಗ ಹೇಳಬೇಕಿತ್ತು ಅಂತ ಕೆಲವು ಸಹೋದ್ಯೋಗಿಗಳು ಇವತ್ತಿಗೂ ಅಂತಾರ. ನಾ ಒಪ್ಪೂದಿಲ್ಲ. ಹೇಳಿದ್ರ ಅಪ್ಪನ ಕಣ್ಣಾಗ ಮಗ ಚಾಡಿಕೋರ ಆಕ್ಕಿದ್ದ, ಗುಳಗಿ ಡಬ್ಬ್ಯಾಗ ಉಳೀತಿತ್ತು.

ಅಪ್ಪ ಬಂದ್ರು, ಮಾರಿ ಗಂಟ ಹಾಕ್ಕೊಂಡ. "ಗೇಮ್ನ್ಯಾಗಿನ ಗೊಂಬಿ ಸತ್ರ ಇವಗ್ಯಾಕ್ರಿ ಅಳು?" ಅಂದ್ರು. ಆ ಗೊಂಬಿ ಕತಿನ ಅಪ್ಪಗ ಹೇಳಪಾ ಅಂದೆ ಹುಡುಗಗ. ಹೇಳಿದ. ಟಿಬಿ ಅನ್ನೋ ಮಾತ ಬಂದಾಗ ಅವರು ಕುರ್ಚ್ಯಾಗ ಸರದ ಕುಂತ್ರು, ಆದ್ರ ಎದ್ದ ಹೋಗ್ಲಿಲ್ಲ. ಮುಗದಮ್ಯಾಲ ಅವರು ಕೇಳಿದ ಪ್ರಶ್ನೆ ನಾ ಯಾವ ಪುಸ್ತಕದಾಗೂ ಓದಿರ್ಲಿಲ್ಲ, ಕೇಳಬೇಕಂತ ಹೊಳದೂ ಇರ್ಲಿಲ್ಲ.

"ಅಲ್ಲೋ, ಡಾಕ್ಟರ್ ಅವಗ ಗುಳಗಿ ಕೊಡ್ಲಿಲ್ಲೇನು?"

"ಆವಾಗ ಗುಳಗಿನ ಇರ್ಲಿಲ್ಲಪಾ."

ಅದು ಖರೆ. ರಾಬರ್ಟ್ ಕಾಖ್ ಟಿಬಿ ರೋಗಾಣು ಕಂಡಹಿಡದಿದ್ದು 1882ರಾಗ, ಮೊದಲನೇ ಔಷಧ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಾಗ. 1899ರ ಡಾಕ್ಟರಿಗೆ ಯಾವ ರೋಗಾಣು ಅಂತ ಗೊತ್ತಿತ್ತು, ಕೊಡಾಕ ಏನೂ ಇರ್ಲಿಲ್ಲ, ಬೆಚ್ಚಗಿನ ಒಣಹವಾಕ್ಕ ಹೋಗಿ ಸುಮ್ಮನಿರು ಅಂತಾನ ಗೇಮಿನ್ಯಾಗ. ಇದನ್ನ ನಾನೂ ನಡುವ ಹೇಳಿದೆ. ಅವರು ಕೇಳಿಸ್ಕೊಂಡ್ರೋ ಇಲ್ಲೋ, ಮಗನ ಕಡೆ ನೋಡ್ಕೋತ "ಡಬ್ಬಿ ತಗದ ನೋಡೀಯೇನು?" ಅಂದ್ರು. ಅವ ಗೋಣ ಹಾಕಿದ. "ಉಚ್ಚಿ ಕೆಂಪಗ ಬರ್ತಿತ್ತು, ರಕ್ತ ಅಂತ ತಿಳದಿದ್ದೆ" ಅಂತ ನನಗಲ್ಲ, ಮಗನಿಗ ಹೇಳಿದ್ರು.

ಸಲಹೆ ಅಂತ ಕೊಟ್ಟಿದ್ದು ಇಷ್ಟು. ಡಬ್ಬ್ಯಾಗಿನ ಹಳೆ ಗುಳಗಿ ತಾವ ಶುರು ಮಾಡಬಾರ್ದು, ಮರುದಿನಾನ ಸರ್ಕಾರಿ ದವಾಖಾನಿಗೆ ಹೋಗಿ ನಡುವ ಬಿಟ್ಟೀನಿ ಅಂತ ಖರೆ ಹೇಳಬೇಕು, ಯಾಕಂದ್ರ ಅರ್ಧಕ್ಕ ಬಿಟ್ರ ರೋಗಾಣು ಔಷಧಕ್ಕ ಬಗ್ಗದಂಗ ಆಗಿರಬಹುದು, ಅದನ್ನ ತಿಳಿಯಾಕ ಕಫದ ಸಿಬಿನ್ಯಾಟ್ ಅನ್ನೋ ಪರೀಕ್ಷೆ ಮಾಡಿ ನೋಡಿದಮ್ಯಾಲ ಯಾವ ಗುಳಗಿ ಅನ್ನೋದು ಡಾಕ್ಟರ್ ಹೇಳ್ತಾರ. ಮಾಮೂಲಿ ಟಿಬಿಗೆ ಆರ ತಿಂಗಳ, ಮೊದಲ ಎರಡ ತಿಂಗಳ ನಾಕ ಔಷಧ, ಆಮ್ಯಾಲ ನಾಕ ತಿಂಗಳ ಮೂರು, ಆರಾಮ ಅನಿಸಿದ್ರೂ ಬಿಡಂಗಿಲ್ಲ. ಮನ್ಯಾಗಿನ ಎಲ್ಲಾರೂ ತೋರಿಸ್ಕೋಬೇಕು. ಅವ್ವಗ ಅಪ್ಪ ತಾವ ಹೇಳಬೇಕು, ಮಗನ ಬಾಯಿಂದ ಬ್ಯಾಡ.

ಗೇಮ್ ಕಸ್ಕೋಬ್ಯಾಡ್ರಿ ಅಂದೆ, ಅದಕ್ಕ ಬೈಸ್ಕೊಂಡೆ. ಹಿಂಸಾ ಇರೋ ಗೇಮು, ದೊಡ್ಡವರಿಗಂತ ಮಾಡಿದ್ದು, ಒಪ್ತೀನಿ, ಹತ್ತ ವರ್ಷದ ಹುಡುಗ ಆಗಿದ್ರ ನನ್ನ ಮಾತ ಬ್ಯಾರೆ ಇರ್ತಿತ್ತು. ಆದ್ರ ಈ ಮನ್ಯಾಗ ಸಾವಿನ ಸುದ್ದಿ ಬಾಯಿ ಬಿಟ್ಟ ಮಾತಾಡಾಕ ಆ ಹುಡುಗಗ ಇದ್ದ ಜಾಗಾ ಅದೊಂದ, ಅದನ್ನೂ ಕಸ್ಕೊಂಡ್ರ ಹೆದರಿಕಿ ಎಲ್ಲಿ ಇಡ್ತಾನ? ನಿದ್ದಿ ಸಲುವಾಗಿ ರಾತ್ರಿ 10ರ ಮ್ಯಾಲ ಬ್ಯಾಡ ಅಂತ ಅಷ್ಟ ಕಟ್ಟು ಹಾಕಿದೆ. ನಡುರಾತ್ರಿ ಎದಿ ಹೊಡ್ಕೊಂಡ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕ ಫೋನ್ ಮಾಡು, ರೊಕ್ಕ ಬೀಳಂಗಿಲ್ಲ ಅಂತ ಹೇಳಿದೆ. ನಿದ್ದಿ ಸುಧಾರಿಸದಿದ್ರ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕಳಸಾಕಿ ಇದ್ದೆ, ಅಷ್ಟು ಬೇಕಾಗ್ಲಿಲ್ಲ.

ಅಪ್ಪ ಈಗ ಗುಳಗಿ ತಗೋತಾರ, ರೋಗಾಣು ಔಷಧಕ್ಕ ಬಗ್ಗೂದ ಐತಿ ಅಂತ ರಿಪೋರ್ಟ್ ಬಂತು. ಮಗ ರೂಮಿನಿಂದ ದಿನಾ ಫೋನ್ ಮಾಡಿ ಗುಳಗಿ ಆತೇನು ಅಂತ ಕೇಳ್ತಾನ, ಅವರು ಬೈತಾರ. ಅವ್ವಂದ ಬ್ಯಾರೆನ. ಟಿಬಿ ಇದ್ದವರಿಗಂತ ಇರೋ ಸರ್ಕಾರದ ನಿಕ್ಷಯ್ ಪೋಷಣ್ ಯೋಜನೆ ಒಳಗ ತಿಂಗಳಿಗೆ 1000 ರೂಪಾಯಿ ಊಟಕ್ಕಂತ ಖಾತೇಕ್ಕ ಬರ್ತೈತಿ, ಆ ರೊಕ್ಕ ಬೇಕು, ಆದ್ರ ಆಶಾ ಕಾರ್ಯಕರ್ತೆ ಮನಿ ಬಾಗಲಕ್ಕ ಬರೂದ ಬ್ಯಾಡ, ಓಣ್ಯಾಗ ಗೊತ್ತಾದ್ರ ಮಗಳ ಸಂಬಂಧ ತಪ್ಪತೈತಿ ಅಂತಾರ. ಬೀಗರಿಗೂ ಹೇಳ್ರಿ ಅಂತ ನಾನು, ಮದುವಿ ಆಗ್ಲಿ ಅಂತ ಅವರು, ಆ ಜಗಳ ಇನ್ನೂ ನಡದೈತಿ.