ಓದುಗರ ಪ್ರಶ್ನೆ: ಜಾಹೀರಾತಿನ ಕೆಲಸಕ್ಕೆ ದಿನದ ಲೆಕ್ಕ

ಪ್ರಶ್ನೆ: ಮಂಗಳೂರಿನ ಜವಳಿ ಅಂಗಡಿಯೊಂದರ ಪ್ರಚಾರ ವಿಭಾಗದಲ್ಲಿ ನಾವು ನಾಲ್ವರಿದ್ದೇವೆ. ಉಡುಪಿಯಲ್ಲಿ ಹೊಸ ಮಳಿಗೆ ತೆರೆಯಲಿದೆ. ಪ್ರತಿ ಸಲವೂ ಹೋರ್ಡಿಂಗ್ ಏರುವುದು ಕೊನೆಯ ರಾತ್ರಿ. ಕಟ್ಟಡ ಕಟ್ಟುವವರು ಬಳಸುವ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ನಮಗೂ ಒದಗೀತೇ?
– ಓದುಗರು, ಕದ್ರಿ

ಉತ್ತರ: ಖಂಡಿತ ಒದಗುತ್ತದೆ. ಅದರದೇ ಒಂದು ಭಾಗವಾದ ‘ಕ್ರಿಟಿಕಲ್ ಪಾತ್’ ವಿಧಾನ (ಎಲ್ಲಕ್ಕಿಂತ ಹೆಚ್ಚು ದಿನ ಹಿಡಿಯುವ ಕೆಲಸಗಳ ಸಾಲನ್ನು ಗುರುತಿಸಿ ಅದರ ಮೇಲೆ ಕಣ್ಣಿಡುವುದು) 1957ರ ಸುಮಾರಿಗೆ ಡ್ಯೂಪಾಂಟ್ ಕಂಪನಿಯ ರಾಸಾಯನಿಕ ಕಾರ್ಖಾನೆಗಳಿಗಾಗಿ ಹುಟ್ಟಿದ್ದು. ಆದರೆ ಒಂದು ಕೆಲಸ ಮುಗಿಯದೆ ಮುಂದಿನದು ಶುರುವಾಗದಲ್ಲೆಲ್ಲ ಅದು ನಡೆಯುತ್ತದೆ.

ಉದ್ಘಾಟನೆಯ ದಿನದಿಂದ ಹಿಂದಕ್ಕೆ ಎಣಿಸಿ. ಫೋಟೋ ಶೂಟ್‌ಗೆ 2 ದಿನ, ಡಿಸೈನ್‌ಗೆ 4, ಮಾಲೀಕರ ಒಪ್ಪಿಗೆಗೆ 3, ತಿದ್ದುಪಡಿಗೆ 2, ಮುದ್ರಣಕ್ಕೆ 2, ಕಟ್ಟಲು 1: ಒಟ್ಟು 14. ಹೋರ್ಡಿಂಗ್ ಜನರ ಕಣ್ಣಿಗೆ ಬೀಳಲು ಇನ್ನೂ 7 ದಿನ ಸೇರಿಸಿದರೆ 21. ಆಮಂತ್ರಣ ಪತ್ರಿಕೆಗೆ ಒಕ್ಕಣೆ 1, ಒಪ್ಪಿಗೆ 2, ಮುದ್ರಣ 4, ಹಂಚಿಕೆ 6. ಉದ್ಘಾಟನೆಗೆ 3 ದಿನ ಮೊದಲೇ ಹಂಚಿ ಮುಗಿಯಬೇಕು ಎಂದರೆ 16. ತುಳು ರೇಡಿಯೋ ಜಾಹೀರಾತಿಗೆ ಬರೆಯುವುದು 2, ಒಪ್ಪಿಗೆ 1, ರೆಕಾರ್ಡಿಂಗ್ 1, ಪ್ರಸಾರ 5: ಬರೀ 9. ಅಂದರೆ ಆಮಂತ್ರಣ 5 ದಿನ, ರೇಡಿಯೋ 12 ದಿನ ತಡವಾದರೂ ಉದ್ಘಾಟನೆಗೆ ತೊಂದರೆಯಿಲ್ಲ. ಹೋರ್ಡಿಂಗ್ ಒಂದು ದಿನವೂ ತಡವಾಗಬಾರದು. ನಾಲ್ವರ ಗಮನ ಮೊದಲು ಅಲ್ಲಿರಲಿ.

ಪ್ರತಿ ಕೆಲಸಕ್ಕೂ ‘ಇರಲಿ’ ಎಂದು ಒಂದೊಂದು ದಿನ ಹೆಚ್ಚು ಹಾಕಬೇಡಿ. ಕೊಟ್ಟಷ್ಟು ದಿನವನ್ನೂ ಕೆಲಸ ನುಂಗಿಬಿಡುತ್ತದೆ. 3 ದಿನವನ್ನು ಒಟ್ಟಿಗೆ ಕೊನೆಯಲ್ಲಿಟ್ಟು 24 ದಿನ ಮೊದಲೇ ಶುರುಮಾಡಿ. ಮಳೆಗಾಲದಲ್ಲಾದರೆ ಇನ್ನೂ 3 ದಿನ ಬೇಕು. ಜೂನ್–ಜುಲೈಯಲ್ಲಿ ಮಳೆ ಬಿಡದೆ ಹೊಯ್ಯುವಾಗ ಹೋರ್ಡಿಂಗ್ ಏರುವವರನ್ನು ಒತ್ತಾಯಿಸುವಂತಿಲ್ಲ, ಒತ್ತಾಯಿಸಲೂಬಾರದು. ಸ್ಥಳೀಯ ಸಂಸ್ಥೆಯ ಅನುಮತಿಗೆ ಶೂಟ್‌ಗೂ ಮೊದಲೇ ಅರ್ಜಿ ಹೋಗಿರಬೇಕು.

ನಿಮ್ಮ ಪತ್ರದಲ್ಲಿಲ್ಲದ, ಆದರೆ ಬಹುಮಟ್ಟಿಗೆ ಎಲ್ಲ ಕಡೆ ಇರುವ ರೋಗ ಒಪ್ಪಿಗೆಯದು. ಡಿಸೈನರ್ 4 ದಿನದಲ್ಲಿ ಮುಗಿಸುತ್ತಾರೆ. ಆಮೇಲೆ ಧಣಿಗಳು, ಅವರ ತಮ್ಮ, ಮಗ ಒಬ್ಬೊಬ್ಬರೂ ವಾಟ್ಸ್‌ಆ್ಯಪ್ ವಾಯ್ಸ್‌ನಲ್ಲಿ ಬೇರೆ ಬೇರೆ ತಿದ್ದುಪಡಿ ಕಳಿಸುತ್ತಾರೆ. ‘ಬಣ್ಣ ಸ್ವಲ್ಪ ಡಲ್’ ಎನ್ನುವ ಮಾತಿಗೆ ಮೂರು ಡಿಸೈನ್ ಹುಟ್ಟುತ್ತವೆ. ಒಪ್ಪಿಗೆಯನ್ನೂ ಒಂದು ಕೆಲಸವೆಂದು ಪಟ್ಟಿಗೆ ಸೇರಿಸಿ, ಎದುರಿಗೆ ಒಬ್ಬರದೇ ಹೆಸರು ಮತ್ತು ತಾರೀಕು ಬರೆಯಿರಿ. ಮನೆಯವರ ಅಭಿಪ್ರಾಯವನ್ನೆಲ್ಲ ಅವರೇ ಒಟ್ಟುಮಾಡಿ ಒಂದೇ ಹಾಳೆಯಲ್ಲಿ ಕೊಡಲಿ. ಎರಡು ಸುತ್ತು ಸಾಕು. ಮೂರನೆಯದು ಬೇಕೆಂದರೆ ‘ಇದರಿಂದ 2 ದಿನ ಹೋಗುತ್ತದೆ, ಮರುಮುದ್ರಣಕ್ಕೆ ಇಷ್ಟು ಖರ್ಚು’ ಎಂದು ಬರೆದು ತೋರಿಸಿ, ಸಹಿ ಪಡೆದೇ ಕೈಹಾಕಿ. ಧಣಿಗಳಿಗೆ ಇದನ್ನು ಹೇಳಲು ಸಂಕೋಚವಾಗುವುದು ಸಹಜ. ಆದ್ದರಿಂದಲೇ ಇದನ್ನು ಮೊದಲ ದಿನ, ಎಲ್ಲರ ಮನಸ್ಸು ತಿಳಿಯಾಗಿರುವಾಗ ಒಪ್ಪಿಸಿಕೊಳ್ಳಬೇಕು.

ಕನ್ನಡದ ಒಕ್ಕಣೆಗೆ ಅಂತಿಮ ಒಪ್ಪಿಗೆ ಸಿಗುವವರೆಗೆ ತುಳು, ಕೊಂಕಣಿ, ಬ್ಯಾರಿ ರೂಪ ಬರೆಸಬೇಡಿ. ಒಂದು ತಿದ್ದುಪಡಿ ನಾಲ್ಕಾಗುತ್ತದೆ. ಒಬ್ಬ ಡಿಸೈನರ್ ಕೈಯಲ್ಲಿ ಒಂದೇ ಸಲಕ್ಕೆ ಎರಡಕ್ಕಿಂತ ಹೆಚ್ಚು ಕೆಲಸ ಇರದಿರಲಿ.

ಪ್ರಶ್ನೆ: ಪತ್ರಿಕೆಯಲ್ಲಿ ಸುದ್ದಿ ಬರುವುದನ್ನೂ ಹೀಗೆ ಯೋಜಿಸಬಹುದೇ? ಅದರ ಫಲ ಅಳೆಯುವುದು ಹೇಗೆ?
– ಓದುಗರು, ಕುಂದಾಪುರ

ಉತ್ತರ: ಜಾಹೀರಾತು ಹಣ ಕೊಟ್ಟು ಪಡೆದ ಜಾಗ, ಸುದ್ದಿ ಸಂಪಾದಕರ ತೀರ್ಮಾನ. ಹಾಗಾಗಿ ಪಟ್ಟಿಯಲ್ಲಿ ‘ಸುದ್ದಿ ಪ್ರಕಟ’ ಎಂದು ಬರೆಯಬೇಡಿ, ‘ಪತ್ರಿಕಾ ಪ್ರಕಟಣೆ ತಲುಪಿಸಿದ್ದು’ ಎಂದು ಬರೆಯಿರಿ. ನಿಮ್ಮ ಕೈಯಲ್ಲಿರುವುದು ಅಷ್ಟೇ. ಅದನ್ನು ಅಚ್ಚುಕಟ್ಟಾಗಿ ಮಾಡಿ: ಒಂದೇ ಪುಟ, ಕಾಪಿ ಮಾಡಲು ಬರುವ ಯುನಿಕೋಡ್ ಅಕ್ಷರ, ಫೋಟೋದಲ್ಲಿ ಎಡದಿಂದ ಬಲಕ್ಕೆ ನಿಂತವರ ಹೆಸರು, ಪ್ರಶ್ನೆಯಿದ್ದರೆ ಉತ್ತರಿಸುವವರ ಫೋನ್ ನಂಬರ್. ಪತ್ರಿಕಾಗೋಷ್ಠಿ ಬೆಳಗ್ಗೆ ಇದ್ದರೆ ವರದಿಗಾರರಿಗೆ ಬರೆಯಲು ಸಮಯ ಸಿಗುತ್ತದೆ.

ದಿನ ಗೊತ್ತುಮಾಡುವ ಮುನ್ನ ಊರಿನ ಕ್ಯಾಲೆಂಡರ್ ನೋಡಿ. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಉಡುಪಿ ಪರ್ಯಾಯ. ಆ ಹೊತ್ತಿಗೆ ರಸ್ತೆ, ಪುಟ, ವರದಿಗಾರರು ಎಲ್ಲವೂ ಅದಕ್ಕೇ ಮೀಸಲು. ಶುಭಕಾರ್ಯಕ್ಕೆ ಆಗದು ಎಂಬ ನಂಬಿಕೆಯಿರುವ ತುಳುವರ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಉದ್ಘಾಟನೆಗೆ ಬರಲು ಹಿಂಜರಿಯುವವರಿದ್ದಾರೆ. ಮುಖ್ಯ ಅತಿಥಿ ಬಾರದಿದ್ದರೆ ಯಾರು ಎಂಬುದನ್ನೂ ಮೊದಲೇ ಬರೆದಿಡಿ.

ಫಲ ಅಳೆಯಲು ಸುದ್ದಿಯ ಕಾಲಂ-ಸೆಂಟಿಮೀಟರನ್ನು (ಪುಟದಲ್ಲಿ ಅದು ಹಿಡಿದ ಜಾಗದ ಅಳತೆ) ಜಾಹೀರಾತು ದರದಿಂದ ಗುಣಿಸಿ ‘ಇಷ್ಟು ಲಕ್ಷದ ಪ್ರಚಾರ’ ಎನ್ನುವ ಪದ್ಧತಿಯನ್ನು ಬಿಡಿ. ಆ ಲೆಕ್ಕ ಸಾರ್ವಜನಿಕ ಸಂಪರ್ಕದ ಬೆಲೆಯಲ್ಲ ಎಂದು ಪ್ರಚಾರದ ಫಲ ಅಳೆಯುವ ಬಗೆಗೆ ಈ ಕ್ಷೇತ್ರದವರೇ ಒಪ್ಪಿಕೊಂಡ 2010ರ ಬಾರ್ಸಿಲೋನಾ ತತ್ವಗಳು ಸ್ಪಷ್ಟವಾಗಿ ಹೇಳಿವೆ. ಸುದ್ದಿ ಬರುವ ಹಿಂದಿನ ವಾರ ಎಷ್ಟು ಮಂದಿ ಫೋನ್ ಮಾಡಿದರು, ಬಂದ ವಾರ ಎಷ್ಟು, ಅವರಲ್ಲಿ ಎಷ್ಟು ಮಂದಿ ಅಂಗಡಿಗೆ ಬಂದರು ಎಂದು ಎಣಿಸಿ. ಬಿಲ್ ಮಾಡುವಾಗ ‘ಎಲ್ಲಿ ನೋಡಿದಿರಿ?’ ಎಂದು ಕೇಳಿ ಗುರುತು ಹಾಕಲು ಕೌಂಟರ್‌ನಲ್ಲಿ ಒಂದು ಪುಸ್ತಕ ಇಟ್ಟರಾಯಿತು. ಉದ್ಘಾಟನೆಯ ಹಿಂದಿನ ವಾರವೇ ಕೌಂಟರಿನವರಿಗೆ ಅದನ್ನು ಕಲಿಸಿಡಿ.